ಮಡಿಯಲ್ಲಿ ಸೊಳ್ಳೆ ಕಚ್ಚಿದರೆ

ಮಡಿವಂತರ ಮನೆಯಲ್ಲಿ ಒಬ್ಬನಾದರೂ ಮೈಲಿಗೆಯ ಮನುಷ್ಯ ಇರಲೇಬೇಕು. ಇಲ್ಲದಿದ್ದರೆ ಬಾಗಿಲು ತೆಗೆಯುವವರು ಯಾರು, ಕೊರಿಯರಿನವನಿಗೆ ಸಹಿ ಹಾಕುವವರು ಯಾರು, ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವವರು ಯಾರು? ಕಾಶಿಯ ನಮ್ಮ ಮನೆಯಲ್ಲಿ ಆ ಹುದ್ದೆ ನನ್ನದು. ಅಣ್ಣ ಪುರೋಹಿತ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ನಮ್ಮ ಮನೆಯಲ್ಲೇ ಶ್ರಾದ್ಧ ಮಾಡಿಸುತ್ತಾನೆ. ಅದರ ಅಡುಗೆ ಅಮ್ಮನದು. ನಾನು ಬಂಗಾಲಿ ಟೋಲಾ ಗಲ್ಲಿಯ ಒಂದು ಲಾಡ್ಜಿನ ಬುಕಿಂಗ್ ನೋಡಿಕೊಳ್ಳುವವನು, ಅದೂ ಮನೆಯ ಹಜಾರದಲ್ಲಿರುವ ಕಂಪ್ಯೂಟರಿನ ಮುಂದೆ ಕೂತು. ಮಂತ್ರ ನನಗೆ ಹತ್ತಲಿಲ್ಲ. ಹತ್ತದಂತೆ ನಾನೂ ಸಾಕಷ್ಟು ಶ್ರಮ ಪಟ್ಟಿದ್ದೇನೆ ಎನ್ನಿ. ಅಡುಗೆಮನೆಯ ಹೊಸಿಲು ಕಂಡರೆ ಎರಡು ಮಾರು ದೂರ ನಿಲ್ಲುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ಮಡಿಯ ಕಷ್ಟ ಗೊತ್ತಿಲ್ಲದ ಪುಣ್ಯವಂತರಿಗೆ ಸ್ವಲ್ಪ ಹೇಳಬೇಕು. ಅಮ್ಮ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ, ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟು ಒಲೆ ಹಚ್ಚಿದಳೆಂದರೆ, ಎಲೆ ಎತ್ತುವವರೆಗೆ ಯಾರನ್ನೂ ಮುಟ್ಟುವಂತಿಲ್ಲ. ಮನುಷ್ಯರಿಗೆ ಇದು ಅರ್ಥವಾಗುತ್ತದೆ. ಸೊಳ್ಳೆಗೆ ಯಾರು ಹೇಳಬೇಕು? ಕಾರ್ತಿಕ ಮುಗಿದು ಚಳಿ ಹಿಡಿಯುವ ಹೊತ್ತಿಗೆ ನಮ್ಮ ಗಲ್ಲಿಯ ಸೊಳ್ಳೆಗಳೆಲ್ಲ ಬೆಚ್ಚಗಿನ ಜಾಗ ಹುಡುಕಿಕೊಂಡು ಅಡುಗೆಮನೆಗೇ ಬರುತ್ತವೆ. ಕಚ್ಚಿದರೆ ದದ್ದು, ದದ್ದಿಗೆ ನವೆ. ತಡೆಯಲಾರದೆ ತುರಿಸಿಕೊಂಡರೆ ರಕ್ತ, ರಕ್ತ ಬಂದರೆ ಮೈಲಿಗೆ, ಮೈಲಿಗೆಯಾದರೆ ಮತ್ತೆ ತಣ್ಣೀರು ಸ್ನಾನ. ಹೀಗೆ ಸ್ನಾನದ ಮೇಲೆ ಸ್ನಾನ ಮಾಡಿ ಅಮ್ಮನಿಗೆ ಕೆಮ್ಮು ಹಿಡಿಯಿತು. ಅತ್ತಿಗೆ ಶಾಲೆಯಲ್ಲಿ ಟೀಚರು, ಹೊರಡುವ ಗಡಿಬಿಡಿಯಲ್ಲೇ, "ಅತ್ತೆ, ಸಾಕು ಮಾಡಿ. ಅಡುಗೆಗೆ ಯಾರನ್ನಾದ್ರೂ ಗೊತ್ತು ಮಾಡೋಣ" ಎಂದಳು. ಪ್ರೀತಿಯಿಂದಲೇ ಹೇಳಿದಳು, ಪಾಪ. ಅಮ್ಮ ಸೌಟು ಎತ್ತಿ ಹಿಡಿದು, "ಒಲೆ ಬಿಡಿಸಿದ ದಿನ ನನ್ನನ್ನೂ ಎತ್ಕೊಂಡು ಹೋಗಿ ಮಣಿಕರ್ಣಿಕೇಲಿ ಚಿತೆ ಮೇಲೆ ಇಟ್ಬಿಡಿ" ಎಂದಳು. ಆಮೇಲೆ ಹಿತ್ತಿಲ ಬಾಗಿಲಿಗೆ ಹೋಗಿ ಬಹಳ ಹೊತ್ತು ಕೆಮ್ಮಿದಳು.

ಉಪಾಯ ಹುಡುಕುವುದು ಮೈಲಿಗೆಯವನ ಕೆಲಸ ತಾನೆ? ಸೊಳ್ಳೆಬತ್ತಿ ತಂದೆ. ಅದರ ಹೊಗೆ ಪಿತೃಗಳ ಪಾಯಸಕ್ಕೆ ತಾಗುತ್ತದೆ ಎಂದು ಅಣ್ಣ ತಡೆದ. ಫ್ಯಾನು ಹಾಕಿದೆ, ಒಲೆ ಆರಿತು. ಸೋನಾರ್‌ಪುರದ ಅಂಗಡಿಗೆ ಹೋಗಿ, ಚಟಪಟ ಎಂದು ಸೊಳ್ಳೆ ಸುಡುವ ಬ್ಯಾಟು ತಂದೆ. ಶ್ರಾದ್ಧದ ದಿನ ಜೀವಹಿಂಸೆಯೇ ಎಂದು ಅಮ್ಮನೇ ಕೆನ್ನೆ ಬಡಿದುಕೊಂಡಳು. ವಾಪಸು ಕೊಡಲು ಹೋದರೆ ಅಂಗಡಿಯವನು ಪಾನು ಅಗಿಯುತ್ತ, "ಅರೇ ಗುರು, ಮಚ್ಛರ್ ಕಾಶೀ ಛೋಡ್ ಕರ್ ಕಹಾಂ ಜಾಯೇಗಾ?" ಎಂದ. ಕಾಶಿ ಬಿಟ್ಟು ಸೊಳ್ಳೆ ತಾನೇ ಎಲ್ಲಿಗೆ ಹೋದೀತು, ಅದಕ್ಕೂ ಮೋಕ್ಷ ಬೇಡವೇ ಎಂದು ಅವನ ವಾದ. ಬ್ಯಾಟು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಕೊನೆಗೆ ಆನ್‌ಲೈನಿನಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಒಂದು ಯಂತ್ರ ತರಿಸಿದೆ. ಮೊಬೈಲಿನ ಚಾರ್ಜರ್ ತೂತಿಗೆ ಸಿಕ್ಕಿಸಿದರೆ ಅದರ ತುದಿ ಚುರ್ರೆನ್ನುವಷ್ಟು ಬಿಸಿಯಾಗುತ್ತದೆ. ದದ್ದಿನ ಮೇಲೆ ನಾಲ್ಕಾರು ಕ್ಷಣ ಒತ್ತಿ ಹಿಡಿದರೆ ನವೆ ಇಳಿಯುತ್ತದೆ. ಅಮ್ಮ ದೂರದಿಂದಲೇ ನೋಡಿ, "ಕೊಳ್ಳಿ ಪರವಾಗಿಲ್ಲ ಕಣೋ, ಬೆಂಕಿಗೆ ಮೈಲಿಗೆ ಇಲ್ಲ. ಆದರೆ ಆ ಮೊಬೈಲು ನಾನು ಮುಟ್ಟಲ್ಲ. ಅದನ್ನ ಎಲ್ಲೆಲ್ಲಿಗೆ ತಗೊಂಡು ಹೋಗಿ ಕೂತಿರ್ತೀರಿ ಅಂತ ನಂಗೊತ್ತಿಲ್ವಾ?" ಎಂದಳು. ಅಣ್ಣ ತನ್ನ ಮೊಬೈಲನ್ನು ಮೆಲ್ಲಗೆ ಶಲ್ಯದಡಿ ಸರಿಸಿದ.

ಮೊಬೈಲು ಬೇಡವಾದರೆ ಕಂಪ್ಯೂಟರ್ ಇದೆಯಲ್ಲ! ಹುಡುಕಿದೆ. ಮೊಬೈಲು ಈ ಯಂತ್ರಕ್ಕೆ ಏನೇನು ಹೇಳುತ್ತದೆ ಎಂಬುದನ್ನು ಯಾರೋ ಪುಣ್ಯಾತ್ಮ ಕದ್ದು ಕೇಳಿ, ಕಂಪ್ಯೂಟರಿನಿಂದಲೂ ಹಾಗೇ ಹೇಳುವ ಪ್ರೋಗ್ರಾಮ್ ಬರೆದು ಅಂತರ್ಜಾಲದಲ್ಲಿ ಹಾಕಿದ್ದ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆ, ಮಿಣುಕುವ ಗೆರೆ, ಅಷ್ಟೇ. ಕಮಾಂಡ್ ಲೈನ್ ಎನ್ನುತ್ತಾರೆ. ಯಂತ್ರವನ್ನು ಯಾವ ತೂತಿಗೆ ಸಿಕ್ಕಿಸಿದೆ, ಶಾಖ ಮಗುವಿಗೋ ದೊಡ್ಡವರಿಗೋ, ಚರ್ಮ ಸೂಕ್ಷ್ಮವೋ ಅಲ್ಲವೋ, ಎಷ್ಟು ಹೊತ್ತು, ಎಲ್ಲವನ್ನೂ ಬರೆದು ಎಂಟರ್ ಒತ್ತಬೇಕು. ಯೋಚಿಸಿದರೆ ಅಣ್ಣನ ಸಂಕಲ್ಪವೂ ಇದೇ: ಯಾವ ಕ್ಷೇತ್ರ, ಯಾವ ತಿಥಿ, ಯಾವ ಗೋತ್ರ, ಯಾರಿಗೋಸ್ಕರ, ಎಲ್ಲ ಹೇಳಿದ ಮೇಲೇ ಕರ್ಮ. ವ್ಯತ್ಯಾಸವೇನೆಂದರೆ ಅಣ್ಣ ಒಂದಕ್ಷರ ನುಂಗಿದರೆ ಪಿತೃಗಳು ಸುಮ್ಮನಿರುತ್ತಾರೆ, ನಾನು ಒಂದು ಅಡ್ಡಗೆರೆ ಬಿಟ್ಟರೆ ಕಂಪ್ಯೂಟರ್ ಸುಮ್ಮನಿರುವುದಿಲ್ಲ. ಮೊದಲು ನನ್ನ ಮೊಣಕೈ ಮೇಲೆ, ದೊಡ್ಡವರಿಗೆ ಇರುವ ದೀರ್ಘ ಶಾಖ ಪರೀಕ್ಷಿಸಿದೆ. "ಅಯ್ಯಯ್ಯೋ" ಎಂದು ಕುರ್ಚಿಯಿಂದ ಎದ್ದವನು ಅಂದಿನಿಂದ ನನ್ನ ಮಟ್ಟಿಗೆ ಮಗು, ಸೂಕ್ಷ್ಮ ಚರ್ಮ ಎಂದೇ ಬರೆಯುತ್ತೇನೆ. ಅಮ್ಮನಿಗೂ ಹಾಗೇ ಬರೆಯುತ್ತೇನೆ ಎಂದೆ. "ಒಲೆ ಮುಂದೆ ಮುದುಕಿಯಾದವಳಿಗೆ ಸೂಕ್ಷ್ಮವಂತೆ! ದೊಡ್ಡದು ಹಾಕೋ" ಎಂದು ಬೈಸಿಕೊಂಡೆ.

ಆದರೆ ಹಜಾರದ ಕಂಪ್ಯೂಟರಿನಿಂದ ಅಡುಗೆಮನೆಗೆ ತಂತಿ ಎಳೆದರೆ, ತಂತಿಯ ಈ ತುದಿಯ ಮೈಲಿಗೆ ಆ ತುದಿಗೆ ಹರಿಯುವುದಿಲ್ಲವೇ? ಕರೆಂಟು ಹರಿಯುವಲ್ಲಿ ಮೈಲಿಗೆಗೇನು ಧಾಡಿ? ಅಣ್ಣ ಕಣ್ಣು ಮುಚ್ಚಿ ಯೋಚಿಸಿ, "ರೇಷ್ಮೆಗೆ ಮೈಲಿಗೆ ಇಲ್ಲ" ಎಂದು ತೀರ್ಪು ಕೊಟ್ಟ. ನನ್ನ ಮದುವೆಗೆಂದು ತೆಗೆದಿಟ್ಟ ರೇಷ್ಮೆಯ ಪಟ್ಟೆಮಡಿ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದರ ಅಂಚು ಹರಿದು ತಂತಿಯುದ್ದಕ್ಕೂ ಸುತ್ತಿದೆವು. ಯಂತ್ರವನ್ನು ಮೊದಲು ಒಂದು ಸಲ ಖಾಲಿ ಬಿಸಿ ಮಾಡಿ, ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳಲಿ ಎಂದು ಅಮ್ಮ ಅಪ್ಪಣೆ ಕೊಟ್ಟಳು. ಅಣ್ಣ ನನ್ನನ್ನು ನೋಡಿ, "ಸುಮ್ಮನಿರಲಾರದೆ ಇರುವೆ ಬಿಟ್ಕೊಂಡೆ ನೀನು" ಎಂದ.

ಆದರೂ ಕೆಲಸ ನಡೆಯಿತು ಸ್ವಾಮಿ! ಒಳಗಿಂದ "ವಾಸೂ, ಮೊಣಕೈ!" ಎಂದು ಕೂಗು ಬರುತ್ತಿತ್ತು, ನಾನು ಟೈಪಿಸುತ್ತಿದ್ದೆ. "ವಾಸೂ, ಹಿಮ್ಮಡಿ!" ಎಂದರೆ ಮತ್ತೆ ಟೈಪಿಸುತ್ತಿದ್ದೆ. ಯಾವ ಅಂಗ ಎಂದು ಕಂಪ್ಯೂಟರ್ ಕೇಳುವುದೇ ಇಲ್ಲ ಎಂದರೂ ಅಮ್ಮ ಬಿಡುತ್ತಿರಲಿಲ್ಲ. ದರ್ಭೆ ಹಿಡಿದು ಕೂತ ಯಾತ್ರಿಕರು ಇದೂ ಕಾಶಿಯ ವಿಧಿಯೇ ಇರಬೇಕೆಂದು ಕೈಮುಗಿದದ್ದೂ ಉಂಟು. ಸ್ನಾನ ದಿನಕ್ಕೆ ಒಂದಕ್ಕೆ ಇಳಿಯಿತು, ಕೆಮ್ಮು ನಿಂತಿತು. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ದಾವಣಗೆರೆಯ ದಂಪತಿಗಳ ಶ್ರಾದ್ಧ. ಸಂಜೆಯ ರೈಲಿಗೆ ಅವರು ಕಂಟೋನ್ಮೆಂಟ್ ಸ್ಟೇಷನ್ ತಲುಪಬೇಕಿತ್ತು. ಅಮ್ಮ ವಡೆ ಕರಿಯುತ್ತಿದ್ದಳು. "ವಾಸೂ, ಕತ್ತು!" ಎಂದಳು, ಒತ್ತಿದೆ. ಒಳಗೆ ಮೂಗೆಳೆದ ಸದ್ದು. ಆಮೇಲೆ, "ಇಂಗಿನ ವಾಸನೆ ಎಲ್ಲಿಂದ ಬರ್ತಿದೆ?" ಎಂಬ ಪ್ರಶ್ನೆ ಬಂತು. ಶ್ರಾದ್ಧದ ಅಡುಗೆಗೆ ಇಂಗು ನಿಷಿದ್ಧ. ನನ್ನ ಎಡಗೈಯಲ್ಲಿ ಗಲ್ಲಿಯ ಅಂಗಡಿಯ ಇಂಗಿನ ಕಚೌರಿ ಇತ್ತು, ಬಲಗೈಯಲ್ಲಿ ಅದರ ಎಣ್ಣೆ ಇತ್ತು, ಎಂಟರ್ ಗುಂಡಿಯ ಮೇಲೆ ಒಂದು ಚೂರು ಆಲೂಗಡ್ಡೆಯೂ ಇತ್ತು. "ಎಂಜಲು ಕೈಲಿ ಒತ್ತಿದ್ಯೇನೋ?" ಎಂದಳು ಅಮ್ಮ. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಯಾತ್ರಿಕರ ಮುಖ ನೋಡಿ, "ರೇಷ್ಮೆ ಮೈಲಿಗೆ ತಡೀತದೆ. ಎಂಜಲು ತಡೀತದೆ ಅಂತ ನಾನೆಲ್ಲೂ ಓದಿಲ್ಲ" ಎಂದ. ದಾವಣಗೆರೆಯವರು ಗಡಿಯಾರ ನೋಡಿಕೊಂಡರು.

ಅಮ್ಮ ಬಾಣಲೆ ಇಳಿಸಿ, ಮತ್ತೆ ತಣ್ಣೀರು ಸುರಿದುಕೊಂಡು, ನಡುಗುತ್ತ ಮೊದಲಿನಿಂದ ಅಡುಗೆಗೆ ನಿಂತಳು. ರೈಲು ಹೇಗೋ ಸಿಕ್ಕಿತು. ಸಂಜೆ ಕೆಮ್ಮು ಕೇಳಿ ಅತ್ತಿಗೆ, "ನಾಳೆಯಿಂದ ಬೇರೆಯವರನ್ನ ಕರೀತೀನಿ ಅತ್ತೆ" ಎಂದಳು. ಸೌಟು ಏಳುತ್ತದೆ ಎಂದು ನಾನು ಕಾದೆ. ಅಮ್ಮ ಸೆರಗು ಹೊದ್ದುಕೊಂಡು, "ಹೂಂ, ಕರಿ" ಎಂದಳು. ಅಷ್ಟೇ. ಜಗಳವಾಡದ ಅಮ್ಮನನ್ನು ನಾನು ಅದುವರೆಗೆ ಕಂಡಿರಲಿಲ್ಲ, ನನಗೆ ಹೆದರಿಕೆಯಾಯಿತು. "ಯಾರೂ ಬೇಡ. ನಾಳೆಯಿಂದ ನಾನೂ ಮಡೀಲೇ ಕೂತು ಒತ್ತುತ್ತೀನಿ" ಎಂದುಬಿಟ್ಟೆ.

ಈಗ ನೋಡಿ ನನ್ನ ಅವಸ್ಥೆ. ಶ್ರಾದ್ಧದ ದಿನ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ಬರಿಮೈಯಲ್ಲಿ ಕಂಪ್ಯೂಟರಿನ ಮುಂದೆ ಮರದ ಮಣೆಯ ಮೇಲೆ ಕೂರುತ್ತೇನೆ. ಕೀಬೋರ್ಡಿಗೆ ಗಂಗೆಯ ಪ್ರೋಕ್ಷಣೆ ಆಗಿರುತ್ತದೆ. ಮೊದಲ ಪ್ರೋಕ್ಷಣೆಯಾದಂದಿನಿಂದ ಎರಡು ಅಕ್ಷರ ಕೆಲಸ ಮಾಡುತ್ತಿಲ್ಲ. ಕಚೌರಿ ಇಲ್ಲ, ಚಹಾ ಇಲ್ಲ, ಬಾಗಿಲು ಬಡಿದರೆ ಏಳುವಂತಿಲ್ಲ. ಮೊನ್ನೆ ಸೊಳ್ಳೆಗಳು ಅಡುಗೆಮನೆ ಬಿಟ್ಟು ನನ್ನ ಬೆನ್ನಿಗೆ ಸಾಲುಗಟ್ಟಿದವು. ತಡೆಯಲಾಗದೆ, "ಅಮ್ಮಾ, ಆ ಕೊಳ್ಳಿ ಸ್ವಲ್ಪ ಈ ಕಡೆ ಕೊಡೇ, ಬೆನ್ನು ನವೆ" ಎಂದು ಕೂಗಿದೆ. "ಪಾಯಸ ತಳ ಹಿಡಿಯತ್ತೆ, ಈಗ ಬರಕ್ಕಾಗಲ್ಲ. ತುರಿಸ್ಕೋಬೇಡ, ಇನ್ನೊಂದು ಸ್ನಾನ ಆಗತ್ತೆ" ಎಂದಳು ಅಮ್ಮ. ಆಮೇಲೆ ಬಹಳ ಕನಿಕರದಿಂದ, "ಅಷ್ಟು ಕಷ್ಟ ಆದ್ರೆ ಹೇಳಪ್ಪ, ನಿನ್ನ ಜಾಗಕ್ಕೆ ಯಾರನ್ನಾದ್ರೂ ಗೊತ್ತು ಮಾಡೋಣ" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು! ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯನ್ನೂ ಕೀಬೋರ್ಡಿನ ಮೇಲಿಟ್ಟು, "ಯಾರೂ ಬೇಕಾಗಿಲ್ಲ! ನಾನಿಲ್ವಾ?" ಎಂದೆ.