ಚಿತ್ತಿಗೊಬ್ಬ ಸಾಕ್ಷಿ

ಬರೆದದ್ದನ್ನು ಹೊಡೆದುಹಾಕುವುದಕ್ಕೆ ಧೈರ್ಯ ಬೇಕು ಎಂದು ತಿಳಿದವರು ಹೇಳುತ್ತಾರೆ. ನನಗೆ ಬೇಕಾದದ್ದು ಧೈರ್ಯವಲ್ಲ, ಸಾಕ್ಷಿ. ಇವತ್ತಿಗೂ ಒಂದು ಪದದ ಮೇಲೆ ಗೆರೆ ಎಳೆದರೆ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗುತ್ತದೆ. ಅಗಸನಿಗೆ ಹಾಕಿದ ಬಟ್ಟೆಯ ಚೀಟಿಯಲ್ಲಿ ಪಂಚೆಯ ಬದಲು ಟವೆಲು ಎಂದು ಬರೆದು ತಿದ್ದಿದರೂ ಸಾಕು, ಪಕ್ಕದಲ್ಲಿ ನನ್ನ ಕೈ ತಾನಾಗಿಯೇ ಒಂದು ಪುಟ್ಟ ರುಜು ಹಾಕಿಬಿಡುತ್ತದೆ. ನನ್ನ ಹೆಂಡತಿ ಆ ಚೀಟಿಯನ್ನು ಮನೆಗೆ ಬಂದವರಿಗೆಲ್ಲ ತೋರಿಸಿ ನಗುತ್ತಾಳೆ. ನಗಲಿ. ಅವಳು ಶಾನುಭೋಗರ ಮನೆಯಲ್ಲಿ ಹುಟ್ಟಿದವಳಲ್ಲ.

ನಾನು ಹುಟ್ಟಿದ್ದು ಅಂಥ ಮನೆಯಲ್ಲಿ. ತಾಳಗುಂದದ ಹತ್ತಿರದ ನಮ್ಮ ಹಳ್ಳಿಯ ಲೆಕ್ಕಪತ್ರವೆಲ್ಲ ತಂದೆಯವರ ಕೈಯಲ್ಲಿತ್ತು. ಹೊಲ ಯಾರದು, ಹೊಲದ ಬದುವಿನ ಮೇಲಿನ ಹುಣಸೆಮರ ಯಾರದು, ಆ ಮರದಿಂದ ಆಚೆ ಹೊಲಕ್ಕೆ ಉದುರಿದ ಹುಣಸೆಹಣ್ಣು ಯಾರದು ಎಂಬುದನ್ನೆಲ್ಲ ನೋಡಿ ಬರೆಯುವವರು ಅವರೇ. ಬರೆದ ಕಾಗದದಲ್ಲಿ ಚಿತ್ತು ಇರಕೂಡದು. ಕೈತಪ್ಪಿ ಆದರೆ, ಅಂಚಿನಲ್ಲಿ 'ಹೊಡೆದದ್ದು ಸರಿ' ಎಂದು ಬರೆದು, ಬರೆಸಿದವರೂ ಸಾಕ್ಷಿಯೂ ಅಲ್ಲೇ ರುಜು ಹಾಕಬೇಕು. ಇಲ್ಲದಿದ್ದರೆ ಮುಂದೊಂದು ದಿನ ಯಾರದೋ ಮೊಮ್ಮಗ ಆ ಚಿತ್ತನ್ನೇ ಹಿಡಿದುಕೊಂಡು ಕೋರ್ಟು ಹತ್ತುತ್ತಾನೆ. ನಮ್ಮ ಮನೆಯಲ್ಲಿ ಸುಳ್ಳು ಹೇಳಿದರೆ ಒಂದು ಏಟು ಬೀಳುತ್ತಿತ್ತು, ಚಿತ್ತು ಮಾಡಿದರೆ ಎರಡು. ಓರಗೆಯ ಹುಡುಗರು ರಾಮ ಕಾಡಿಗೆ ಹೋದದ್ದನ್ನು ಕಾಪಿ ಬರೆಯುತ್ತಿದ್ದಾಗ ನಾನು ತಂದೆಯವರ ಹಳೆಯ ಮಹಜರುಗಳನ್ನು ನಕಲು ಮಾಡಿ ಅಕ್ಷರ ತಿದ್ದಿದವನು. ರಾಮ ಕಾಡಿಗೆ ಹೋದ ಎಂದು ಯಾರಾದರೂ ಹೇಳಿದರೆ ಆ ಕಾಡಿನ ಪೂರ್ವಕ್ಕೆ ಏನಿದೆ ಎಂದು ಕೇಳುವಷ್ಟು ನಾನು ಕೆಟ್ಟುಹೋಗಿದ್ದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಜಿಲ್ಲಾ ಪಟ್ಟಣದ ಕಾಲೇಜು ಸೇರಿದೆ. ತಂದೆಯವರು ಒಂದು ಷರತ್ತು ಹಾಕಿ ಕಳಿಸಿದ್ದರು. "ಪರೀಕ್ಷೆಗೆ ಕೂರಿಸಲಿಲ್ಲ ಅಂದ್ರೆ ಅಲ್ಲಿ ಒಂದಿನಾನೂ ನಿಲ್ಲಬೇಡ, ವಾಪಸ್ ಬಾ. ಸೊರಬದ ಕಚೇರೀಲಿ ನಕಲು ಬರೆಯೋ ಜಾಗ ಖಾಲಿ ಆಗೋದಿದೆ. ನಿಮ್ಮ ಭಾವ ಆಗಲೇ ಮಾತಾಡಿಟ್ಟಿದಾರೆ." ನಮ್ಮ ಅಕ್ಕನನ್ನು ಸೊರಬ ತಾಲ್ಲೂಕಿನ ಉಳವಿಗೆ ಕೊಟ್ಟಿತ್ತು, ಭಾವ ಕಚೇರಿಗಳಲ್ಲಿ ಓಡಾಡುವ ಮನುಷ್ಯ. ಆ ನಕಲು ಬರೆಯುವ ಕೋಣೆಯನ್ನು ನಾನು ಕಂಡಿದ್ದೆ. ಅಲ್ಲಿ ಕೂತವರು ಇನ್ನೊಬ್ಬರು ಬರೆದ ವಾಕ್ಯವನ್ನು ಇನ್ನೊಂದು ಕಾಗದಕ್ಕೆ ಇಳಿಸುತ್ತಾ ಇಳಿಸುತ್ತಾ ತಾವೇ ಯಾರದೋ ನಕಲಿನಂತೆ ಕಾಣುತ್ತಿದ್ದರು. ನನಗೆ ಅದು ಬೇಡವಾಗಿತ್ತು. ಏನು ಬೇಕು ಎಂಬುದು ಗೊತ್ತಿರಲಿಲ್ಲ. ಅದು ಬೇಡ ಎಂಬುದು ಮಾತ್ರ ಖಚಿತವಾಗಿ ಗೊತ್ತಿತ್ತು.

ಕಾಲೇಜಿನಲ್ಲಿ ಪ್ರಬಂಧ ರಚನೆ ಕಲಿಸುತ್ತಿದ್ದವರು ಶ್ರೀಪತಿರಾಯರು. ಅವರದು ವಿಚಿತ್ರ ನಿಯಮ. ಪ್ರಬಂಧದ ಜೊತೆಗೆ ಅದರ ಕರಡನ್ನೂ ಕೊಡಬೇಕು. ಕರಡಿನಲ್ಲಿ ಹೊಡೆದು, ತಿದ್ದಿ, ಮತ್ತೆ ಬರೆದ ಗುರುತು ಕಾಣಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂರಬಹುದೆಂಬ ಕಾಗದಕ್ಕೆ ಅವರು ಸಹಿ ಮಾಡುವುದಿಲ್ಲ. "ಚಿತ್ತೇ ಇಲ್ಲ ಅಂದ್ರೆ ಯೋಚನೆಯೇ ಮಾಡಿಲ್ಲ ಅಂತ ಲೆಕ್ಕ ಕಣ್ರೀ" ಎನ್ನುತ್ತಿದ್ದರು. ಚಿತ್ತು ಮಾಡಿ ಏಟು ತಿಂದು ಬೆಳೆದವನನ್ನು ವಿಧಿ ಚಿತ್ತು ಮಾಡದಿದ್ದರೆ ಏಟು ಬೀಳುವ ತರಗತಿಗೆ ತಂದು ಕೂರಿಸಿತ್ತು.

ಅವರು ಕೊಟ್ಟ ವಿಷಯ 'ನಾನು ಕಣ್ಣಾರೆ ಕಂಡದ್ದು'. ನನಗೆ ಖುಷಿಯಾಯಿತು. ಆ ಮಳೆಗಾಲದಲ್ಲಿ ಶಿರಾಳಕೊಪ್ಪದಿಂದ ಉಳವಿಗೆ ಹೊರಟಿದ್ದಾಗ, ಸೊರಬ ದಾಟಿದ ಮೇಲೆ ಒಂದು ತಿರುವಿನಲ್ಲಿ ನಮ್ಮ ಬಸ್ಸು ರಸ್ತೆ ಬಿಟ್ಟು ಗದ್ದೆಗೆ ಇಳಿದಿತ್ತು. ಬಿತ್ತು ಎನ್ನಲಾರೆ. ಎಮ್ಮೆ ಕೆರೆಗೆ ಇಳಿಯುವಂತೆ ಮೆಲ್ಲಗೆ ಇಳಿದು, ಒಂದು ಮಗ್ಗುಲಿಗೆ ಒರಗಿ, ನಿಂತುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಮುಂದೆ ಬಹಳ ದಿನ ಮಂಚದ ಮೇಲೆ ಮಗ್ಗುಲು ಬದಲಿಸುವಾಗ ನನಗೆ ಎದೆ ಝಲ್ಲೆನ್ನುತ್ತಿತ್ತು. ಆ ನಡುಕವನ್ನೇ ಪ್ರಬಂಧ ಮಾಡಿದೆ ಎಂದು ನಾನು ತಿಳಿದಿದ್ದೆ. ಮಾಡಿದ್ದು ಮಹಜರು. 'ಸದರಿ ಬಸ್ಸು ಒರಗಿದ ಸ್ಥಳಕ್ಕೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ನೀರಿನ ಕಾಲುವೆ, ಉತ್ತರಕ್ಕೆ ಒಂದು ಹಲಸಿನ ಮರ, ದಕ್ಷಿಣಕ್ಕೆ ಇತರರ ಗದ್ದೆ' ಎಂದು ಶುರುವಾಗುತ್ತಿತ್ತು. ಒಂದೂ ಚಿತ್ತಿರಲಿಲ್ಲ.

ಶ್ರೀಪತಿರಾಯರು ಅದನ್ನು ತರಗತಿಯಲ್ಲೇ ಓದಿ, ಕನ್ನಡಕ ತೆಗೆದು ಕೇಳಿದರು. "ಏನ್ರೀ ಇದು, ಬಸ್ಸನ್ನ ಕ್ರಯಕ್ಕೆ ಕೊಡ್ತೀರೇನ್ರೀ?"

ಹುಡುಗರೆಲ್ಲ ನಕ್ಕರು.

"ಡ್ರೈವರ್ ಇದಾನೆ, ಗದ್ದೆ ಇದೆ, ಹಲಸಿನ ಮರ ಇದೆ. ನೀವೆಲ್ಲಿದ್ರಿ?"

"ಬಸ್ಸಿನಲ್ಲೇ ಇದ್ದೆ ಸಾರ್."

"ಬಸ್ಸಲ್ಲಿದ್ರಿ. ಪ್ರಬಂಧದಲ್ಲಿಲ್ಲವಲ್ಲ?"

"ಕೊನೇಲಿ ಬಿಕ್ಕಲಂ ಅಂತ ನನ್ನ ಹೆಸರಿದೆ ಸಾರ್" ಎಂದೆ. ಪತ್ರ ಬರೆದವನು ಕಟ್ಟಕಡೆಯಲ್ಲಿ ಹಾಗೆ ತನ್ನ ಹೆಸರು ಹಾಕುವುದು ನಮ್ಮ ಮನೆಯ ಪದ್ಧತಿ. ಅದಕ್ಕಿಂತ ಮುಂದೆ ಬಂದು ನಿಲ್ಲುವುದು ಅವಿನಯ.

"ಬೇಡದ್ದು ಹೊಡೆದುಹಾಕಿ, ನಿಮ್ಮನ್ನ ಒಳಗೆ ತನ್ನಿ. ದಸರಾ ರಜೆ ಮುಗಿದ ಮೇಲೆ ಕೊಡಿ. ಇಲ್ಲದಿದ್ರೆ ನನ್ನ ಸಹಿ ಇಲ್ಲ."

ನಾನೆಲ್ಲಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಬರೆಯುವಂಥದ್ದಾಗಿರಲಿಲ್ಲ. ಅದಕ್ಕೇ ಹಲಸಿನ ಮರದ ಮರೆಯಲ್ಲಿ ನಿಂತಿದ್ದೆ.

ರಜೆಯಲ್ಲಿ ಊರಿಗೆ ಬಂದು, ಪಡಸಾಲೆಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಚಕ್ಕುಬಂದಿಯ ಮೇಲೆ ಗೆರೆ ಎಳೆದೆ. ಹಲ್ಲು ಕೀಳಿಸಿಕೊಂಡಂತಾಯಿತು. ಆಮೇಲೆ, ಕೀಳಿಸಿಕೊಂಡವನಿಗೆ ಆಗುವಂತೆ, ಒಂದು ಬಗೆಯ ಹಗುರವೂ ಆಯಿತು. ಇನ್ನೊಂದು ಹೊಡೆದೆ, ಮತ್ತೊಂದು ಹೊಡೆದೆ. ಹುರುಪಿನಲ್ಲಿ ತಂದೆಯವರು ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ. ಅವರು ಕೆಮ್ಮಿದರು.

"ಏನೋ ಇದು? ಕಾಗದದ ಮೇಲೆ ಕೋಳಿ ಕೆರೆದ ಹಾಗೆ?"

ಕೋಳಿ ಎಂಬ ಮಾತಿಗೆ ನಾನು ಬೆಚ್ಚಿದೆ. ಯಾಕೆಂಬುದು ಅವರಿಗೆ ಗೊತ್ತಿರಲಿಲ್ಲ. ಮೇಷ್ಟರ ನಿಯಮವನ್ನು ವಿವರಿಸಿದೆ. ಅವರು "ಹೊಡೀಬೇಕು ಅಂತ ಮೇಲಿನವರ ಹುಕುಂ ಇದ್ರೆ ಹೊಡಿ. ಆದ್ರೆ ಕ್ರಮವಾಗಿ ಹೊಡಿ" ಎಂದು ತಮ್ಮ ಲೇಖನಿ ತಂದು ಎದುರಿಗೆ ಕೂತರು. ಪ್ರತಿ ಚಿತ್ತಿನ ಪಕ್ಕದಲ್ಲೂ ಅವರ ಮುತ್ತಿನಂಥ ಅಕ್ಷರದಲ್ಲಿ 'ಹೊಡೆದದ್ದು ಸರಿ' ಎಂದು ಬಿತ್ತು. ನಾನು ರುಜು ಹಾಕಿದೆ. ಸಾಕ್ಷಿಗೆ ಅಮ್ಮನನ್ನು ಕರೆಯಲೇ ಎಂದೆ. "ಮನೆಯವರ ಸಾಕ್ಷಿ ನಡೆಯಲ್ಲ" ಎಂದರು. ಅಷ್ಟರಲ್ಲಿ ಬೀದಿಯಲ್ಲಿ ರುದ್ರಪ್ಪನವರು ಹೋಗುತ್ತಿದ್ದರು. ಶಿರಾಳಕೊಪ್ಪದ ಸಂತೆಯಲ್ಲಿ ಬೆಲ್ಲದ ವ್ಯಾಪಾರ ಮಾಡುವವರು, ದೊಡ್ಡ ಗಂಟಲು. ತಂದೆಯವರು ಕೂಗಿ ಕರೆದರು.

"ಏನ್ ಶಾನುಭೋಗ್ರೇ, ಯಾರ ಹೊಲದ್ದ್ರೀ?"

"ಹೊಲದ್ದಲ್ಲ, ಹುಡುಗನ ಪ್ರಬಂಧ. ಉಳವಿ ಬಸ್ಸಿಂದು. ಒಂದು ಸಾಕ್ಷಿ ಹಾಕ್ಬೇಕಿತ್ತು."

"ಅದಾ? ಆ ಬಸ್ಸಿನಾಗ ನಾನೂ ಇದ್ನಲ್ರೀ! ಓದ್ಸ್ರಿ, ಕೇಳೋಣ."

ಅವರು ಹಿಂದಿನ ಸೀಟಿನಲ್ಲಿ ಇದ್ದದ್ದು ನನಗೆ ಮರೆತೇ ಹೋಗಿತ್ತು. ಅಥವಾ ಮರೆಯಲು ನಾನು ಬಹಳ ಕಷ್ಟಪಟ್ಟಿದ್ದೆ. ತಂದೆಯವರು ಗಟ್ಟಿಯಾಗಿ ಓದಿದರು. ರುದ್ರಪ್ಪನವರು ಕೊನೆತನಕ ತಲೆಯಾಡಿಸಿ ಕೇಳಿ, ಲೇಖನಿಯನ್ನು ಕೆಳಗಿಟ್ಟರು.

"ನಾ ಸಹಿ ಹಾಕಂಗಿಲ್ರೀ."

"ಯಾಕೆ?"

"ಕೋಳಿ ಎಲ್ಲೈತ್ರೀ ಇದ್ರಾಗ?"

"ಯಾವ ಕೋಳಿ?"

"ಪಕ್ಕದಾಗ ಕುಂತಿದ್ದ ಅಜ್ಜಿ ಕೋಳಿ! ಬಸ್ಸು ವಾಲಿದ್ದೇ ತಡ, ನಿಮ್ಮ ಹುಡುಗ ಅಂಜಿ ಆಕಿ ಬುಟ್ಟಿಯಾಗಿನ ಕೋಳಿ ತಗದು ಎದಿಗೆ ಅವಚಿಕೊಂಡಾನ ನೋಡ್ರಿ, ದೇವರ ಪಟ ಹಿಡ್ಕೊಂಡಂಗ. ಎಲ್ರೂ ಇಳದ್ರೂ ಇಂವ ಬಿಡವಲ್ಲ. ಆ ಅಜ್ಜಿ ಅಂದ್ಲು, 'ಬಿಡಾ ತಮ್ಮಾ, ಬಸ್ಸಿಂದ ಉಳ್ಕಂಡ ಕೋಳಿ ನಿನ್ ಕೈಯಾಗೆ ಸಾಯ್ತದೆ ಮಾರಾಯ' ಅಂತ. ಇಡೀ ಬಸ್ಸು ಗದ್ದಿಯಾಗ ನಿಂತು ನಕ್ಕಿದ್ದು ಅದಕ್ಕರೀ. ಅದನ್ನ ಬಿಟ್ಟು ಹಲಸಿನ ಮರ ಬರದಾನ!"

ಅಡಿಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು. "ಕೋಳೀನಾ? ಅಯ್ಯೋ! ಉಳವಿಯಿಂದ ಹಾಗೇ ಬಂದು ದೇವರ ಮನೆಗೆ ಹೋಗಿದ್ಯಲ್ಲೋ! ಏಳು, ಈಗಲೇ ಸ್ನಾನ ಮಾಡು. ಜನಿವಾರ ಬದಲಾಯಿಸು" ಎಂದು ಅಮ್ಮ ಒಳಗಿಂದಲೇ ಆಜ್ಞೆ ಮಾಡಿದಳು. ಕೋಳಿಯನ್ನು ಮುಟ್ಟಿ ಎರಡು ತಿಂಗಳಾಗಿತ್ತು ಎಂಬ ವಾದ ಅವಳಲ್ಲಿ ನಡೆಯಲಿಲ್ಲ.

ಮಿಂದು ಬಂದಾಗ ತಂದೆಯವರು ಅದೇ ಜಾಗದಲ್ಲಿ ಲೇಖನಿ ಹಿಡಿದು ಕೂತಿದ್ದರು. ಆ ಮುಖವನ್ನು ನಾನು ಮರೆಯಲಾರೆ. ಅಪ್ಪನಾಗಿ ನೋಡಿದರೆ ಮಗನ ಎದೆಯಿಂದ ಆ ಕೋಳಿಯನ್ನು ಕಿತ್ತೆಸೆಯಬೇಕು. ಶಾನುಭೋಗರಾಗಿ ನೋಡಿದರೆ, ಕಣ್ಣಾರೆ ಕಂಡ ಸಾಕ್ಷಿ ಹೇಳಿದ್ದನ್ನು ಬಿಡುವ ಹಾಗಿಲ್ಲ. ಕೊನೆಗೆ ಶಾನುಭೋಗರು ಗೆದ್ದರು.

"ಬರಿ" ಎಂದರು, ನನ್ನ ಮುಖ ನೋಡದೆ. "ಇದ್ದದ್ದು ಇದ್ದ ಹಾಗೆ ಬರಿ. ಯಾವ ಬಣ್ಣದ ಕೋಳಿ?"

"ಕೆಂಪು."

"ಅದನ್ನೂ ಬರಿ."

ಬರೆದೆ. ಅಲ್ಲೇ ಕಾದಿದ್ದ ರುದ್ರಪ್ಪನವರು ಸೊಂಟದ ಮೇಲೆ ಕೈಯಿಟ್ಟು ಓದಿಸಿ ಕೇಳಿ, "ಈಗ ಬಂತು ನೋಡ್ರಿ ಬಸ್ಸು" ಎಂದು ಎಲ್ಲ ಚಿತ್ತುಗಳಿಗೂ ಒಂದೊಂದು ಸಹಿ ಗೀಚಿ ಹೋದರು.

ಕಾಲೇಜಿನಲ್ಲಿ ಶ್ರೀಪತಿರಾಯರು ಆ ಕರಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನ ತುಂಬ ಷರಾ, ರುಜು, ಸಾಕ್ಷಿ. "ಇಷ್ಟು ವರ್ಷದಲ್ಲಿ ನಾನು ಕಂಡ ಕರಡುಗಳಲ್ಲಿ ಕೋರ್ಟಿನಲ್ಲಿ ನಿಲ್ಲೋದು ಇದೊಂದೇ ಕಣ್ರೀ" ಎಂದರು. ತರಗತಿಗೆಲ್ಲ ಗಟ್ಟಿಯಾಗಿ ಓದುತ್ತಾ ಕೋಳಿಯ ಹತ್ತಿರ ಬಂದಾಗ ಅವರ ಭುಜ ಕುಣಿಯಿತು. ಓದಿ ಮುಗಿಸಿ, "ಕೋಳಿ ಇರಲಿ. ಬಸ್ಸನ್ನ ಇನ್ನೂ ಸ್ವಲ್ಪ ಹೊಡೀಬಹುದು" ಎಂದು ಹೇಳಿ, ಪರೀಕ್ಷೆಯ ಕಾಗದಕ್ಕೆ ಸಹಿ ಮಾಡಿದರು. ಸೊರಬದ ಆ ಜಾಗಕ್ಕೆ ಬೇರೆ ಯಾರೋ ಹೋದರು. ನನ್ನನ್ನು ಮಾತ್ರ ಕಾಲೇಜು ಮುಗಿಯುವವರೆಗೂ ಹುಡುಗರು ಕೊಕ್ಕೊಕ್ಕೋ ಎಂದೇ ಬರಮಾಡಿಕೊಂಡರು.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಪ್ರಬಂಧ ಬರೆಯುವುದು ಕಲಿತೆ ಎಂದು ನಾಲ್ಕು ಜನ ಹೇಳುತ್ತಾರೆ. ತಿದ್ದುವುದು ಕಲಿತೆನೆಂದು ನಾನೂ ನಂಬಿದ್ದೆ. ಆದರೆ ಈ ಬರಹದ ಮೊದಲ ಕರಡಿನಲ್ಲಿ, ಬಸ್ಸು ವಾಲಿದಾಗ ಆ ಬಡ ಅಜ್ಜಿಯ ಕೋಳಿಗೆ ಪೆಟ್ಟಾಗದಿರಲಿ ಎಂದು ನಾನು ಅದನ್ನು ಎದೆಗವಚಿಕೊಂಡೆ ಎಂದು ಬರೆದಿದ್ದೆ. ಎರಡು ಸಲ ಓದಿದೆ, ಬಹಳ ಚೆನ್ನಾಗಿತ್ತು. ಮೂರನೆಯ ಸಲ ಓದುವಾಗ ಬೆನ್ನ ಹಿಂದೆ ಕೆಮ್ಮಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ತಂದೆಯವರೂ ಇಲ್ಲ, ರುದ್ರಪ್ಪನವರೂ ಇಲ್ಲ. ಗೆರೆ ಎಳೆದೆ. ಸಾಕ್ಷಿಗೆ ಹೆಂಡತಿಯನ್ನು ಕರೆಯೋಣವೆಂದರೆ ಮನೆಯವರ ಸಾಕ್ಷಿ ನಡೆಯುವುದಿಲ್ಲ. ಆದ್ದರಿಂದ ಓದುಗರಾದ ತಾವು ದಯವಿಟ್ಟು ಈ ಅಂಚಿನಲ್ಲಿ ಒಂದು ರುಜು ಹಾಕಬೇಕು. ಹೊಡೆದದ್ದು ಸರಿ.