ಕಾಕಾನ ಮೂರು ಹೊಸ ವರ್ಷಗಳು

ಎಲ್ಲರಿಗೂ ವರ್ಷಕ್ಕೆ ಒಂದೇ ಹೊಸ ವರ್ಷ. ಅಕ್ಕಿಆಲೂರಿನ ನಮ್ಮ ಕಾಕಾನಿಗೆ ಮಾತ್ರ ಮೂರು! ಯುಗಾದಿಗೆ ಹಿಡಿದ ನೇಮ ಮುರಿದರೆ, "ನಾವು ವ್ಯಾಪಾರಸ್ಥರು, ನಮ್ಮ ವರ್ಷ ದೀಪಾವಳಿ ಪಾಡ್ಯಕ್ಕ ಸುರು" ಎನ್ನುತ್ತಿದ್ದ. ಅದೂ ಮುರಿದರೆ, "ರಾಜ್ಯ ಯಾರದು? ಇಂಗ್ರೇಜರದು. ಜನವರಿ ಬರ್ಲಿ!"

ಹಾನಗಲ್ಲಿನ ಡಾಕ್ಟರರು ಅವನ ಹೊಟ್ಟೆ ಬಡಿದು ನೋಡಿ, "ಎಲಿ-ತಂಬಾಕ ಬಿಡ್ರಿ, ಉಪ್ಪು ಕಡಿಮಿ ಮಾಡ್ರಿ, ದಿನಾ ನಡೀರಿ" ಎಂದಿದ್ದರು. ಅಂದಿನಿಂದ ಅವನ ಹೆಂಡತಿ, ನಮ್ಮ ಚಿಗವ್ವನದು ಒಂದೇ ಮಾತು: "ನನ್ನ ಕಣ್ಮುಂದ ಒಂದಾದ್ರೂ ನೇಮ ಪೂರಾ ಮಾಡ್ರಿ. ಒಂದ!"

ಆ ಯುಗಾದಿಗೆ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಕಾಕಾ ಉಪ್ಪು ಬಿಟ್ಟ. ಮಧ್ಯಾಹ್ನ ಹೋಳಿಗೆಯ ಜತೆ ಕಟ್ಟಿನ ಸಾರು ಬಂತು.

"ಇದಕ್ಕ ಉಪ್ಪ ಎಲ್ಲೈತಿ?"

"ನೀವು ಬಿಟ್ಟೀರಲ್ರಿ!"

"ನಾ ಬಿಟ್ಟೇನಿ. ಸಾರು ಬಿಟ್ಟೈತೇನು?"

ದೀಪಾವಳಿಗೆ ಎಲೆ-ತಂಬಾಕು ಬಿಟ್ಟ. ಆದರೆ ಸವಣೂರಿನ ಎಳೆಯ ಎಲೆ ಮನೆಯಲ್ಲಿರುವಾಗ ಬಂದವರಿಗೆ ಕೊಡದಿರಲಾದೀತೆ? ಸುಣ್ಣ ಹೆಚ್ಚಾಗಿ ಪಾಪ ಅವರ ಬಾಯಿ ಸುಟ್ಟೀತೆಂದು ಮೊದಲು ತಾನೇ ಒಂದು ಅಗಿದು ನೋಡುತ್ತಿದ್ದ. ಊರಲ್ಲಿ ನಮ್ಮ ಮನೆಯಷ್ಟು ಉಪಚಾರ ಬೇರೆಲ್ಲೂ ಇರಲಿಲ್ಲ!

ಜನವರಿಗೆ ನಡಿಗೆ. ನಸುಕಿನಲ್ಲಿ ಆಡೂರಿನ ದಾರಿ ಹಿಡಿದು ಹೋದವನು ಬಿಸಿಲೇರಿದ ಮೇಲೆ ಏದುಸಿರು ಬಿಡುತ್ತ ಬಂದ. ಚಿಗವ್ವ ನೀರು ಕೊಟ್ಟು, ಅವನನ್ನು ಒಂದು ಸುತ್ತು ಸುತ್ತಿ ನೋಡಿದಳು.

"ಕಾಲಿಗೆ ಧೂಳ ಹತ್ತೈತಿ, ಖರೆ. ಬೆನ್ನಿಗೆ ಹುಲ್ಲ ಯಾಕ ಹತ್ತೈತ್ರಿ?"

ಹುಲ್ಲಿನ ಚಕ್ಕಡಿಯಲ್ಲಿ ಅಂಗಾತ ಮಲಗಿ ಬಂದಿದ್ದ! ಧೂಳನ್ನು ಊರ ಅಗಸಿಬಾಗಿಲ ಹತ್ತಿರ ಇಳಿದು ಕೈಯಾರೆ ಬಳಿದುಕೊಂಡದ್ದಂತೆ. ಇದು ನಾನು ಕಂಡದ್ದೋ, ಕೇಳಿ ಕೇಳಿ ಕಂಡಂತಾದದ್ದೋ, ಹೇಳಲಾರೆ.

ಮುಂದಿನದು ಯಾವ ವರ್ಷವೆಂದೂ ನನಗೆ ಗೊತ್ತಿಲ್ಲ. ರೇಷನ್ನಿನ ಕಾಲ ಎಂದು ಅಕ್ಕ ಹೇಳುತ್ತಾಳೆ; ಅವಳ ನೆನಪಿನಲ್ಲಿ ಎಲ್ಲವೂ ರೇಷನ್ನಿನ ಕಾಲದಲ್ಲೇ ನಡೆದದ್ದು. ಚಿಗವ್ವನ ಕಾಲು ಬಾತವು. ಅದೇ ಡಾಕ್ಟರರು ಅವಳಿಗೆ ಉಪ್ಪನ್ನು ಪೂರಾ ಬಂದ್ ಮಾಡಿದರು. ಅವಳಿಗೆಂದು ಒಂದು ಸಣ್ಣ ಗಡಿಗೆ ಬೇರೆಯಾಯಿತು. ಎಲ್ಲರ ಊಟವಾದ ಮೇಲೆ ಒಬ್ಬಳೇ ಕುಳಿತು, ಎರಡು ತುತ್ತು ನುಂಗಿ ತಾಟು ಸರಿಸಿಬಿಡುತ್ತಿದ್ದಳು. ದಿನದಿನಕ್ಕೆ ಸೊರಗಿದಳು. ಬಾತ ಕಾಲಿಗಿಂತ ಆ ಸರಿಸಿದ ತಾಟು ನೋಡಿಯೇ ನಮಗೆಲ್ಲ ಭಯ.

ಒಂದು ದಿನ ಕಾಕಾ ಗಂಡಸರ ಪಂಕ್ತಿಗೆ ಬರಲಿಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ, ಅವಳೆದುರು ತಾಟು ಇಟ್ಟುಕೊಂಡು ಕುಳಿತ. ನಮ್ಮ ಮನೆಯಲ್ಲಿ ಯಾವ ಗಂಡಸೂ ಹಾಗೆ ಕುಳಿತವನಲ್ಲ!

"ಆ ಗಡಿಗ್ಯಾಗಿಂದು ನನಗೂ ನೀಡು."

"ಅದು ಸಪ್ಪಗ ಐತ್ರಿ. ನಿಮಗ ಸೇರೂದಿಲ್ಲ."

"ಸೇರೂದು ಬಿಡೂದು ನಾ ನೋಡ್ಕೋತೇನಿ. ನೀ ಉಣ್ಣು."

ಮೊದಲ ತುತ್ತಿಗೇ ಅವನು ಮುಖ ಕಿವುಚಿದ. ಚಿಗವ್ವ ನಕ್ಕುಬಿಟ್ಟಳು. ನಗುತ್ತ ನಗುತ್ತ ಉಂಡಳು.

"ಇದು ಎಷ್ಟ ದಿವಸದ ನೇಮಾರೀ?"

"ನೇಮ ಎಲ್ಲಿಂದ ತಂದಿ? ಹಸದಿತ್ತು, ಬಂದೆ."

ಮರುದಿನವೂ ಹಸಿದಿತ್ತು. ಅದರ ಮರುದಿನವೂ.

ಮುಂದಿನ ಯುಗಾದಿಗೆ ಚಿಗವ್ವ ಬೇವು-ಬೆಲ್ಲ ಕೊಟ್ಟಳು. ಈ ವರ್ಷ ಏನು ಬಿಡುತ್ತೀರಿ ಎಂದು ಕೇಳಲಿಲ್ಲ. ಕಾಕಾ ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದ. ಒಳಗೆ ಆ ಸಣ್ಣ ಗಡಿಗೆಯಲ್ಲಿ, ಇಬ್ಬರಿಗೆ ಸಾಲುವಷ್ಟು, ಉಪ್ಪಿಲ್ಲದ ಕಟ್ಟಿನ ಸಾರು ಕುದಿಯುತ್ತಿತ್ತು.