ಒಣಗದ ಗೋಡೆ, ಅಡುಗೆ ಮನೆಯ ದೇವರು

ದಣಿವಿನಲ್ಲಿ ಎರಡು ಬಗೆ ಎಂಬುದು ನನ್ನ ಅನುಭವ. ಒಂದು, ನಮ್ಮ ಕೆಲಸ ನಾವೇ ಮಾಡಿಕೊಂಡಾಗ ಬರುವಂಥದ್ದು. ಅದಕ್ಕೆ ಒಂದು ಲೋಟ ಬೆಲ್ಲದ ಕಾಫಿ ಕುಡಿದು ಸ್ವಲ್ಪ ಹೊತ್ತು ಕಾಲು ಚಾಚಿದರೆ ಸಾಕು. ಇನ್ನೊಂದು, ಮನೆಯ ಗಂಡಸರಿಗೆ ಹೊಸ ಜ್ಞಾನ ಬಂದಾಗ ಹೆಂಗಸರಿಗೆ ಬರುವಂಥದ್ದು. ಅದಕ್ಕೆ ಮದ್ದಿಲ್ಲ. "ಭಗವಂತ, ಇವರಿಗೆ ಆರೋಗ್ಯ ಕೊಡು, ಆಯಸ್ಸು ಕೊಡು, ಹೊಸ ವಿಚಾರ ಮಾತ್ರ ಸದ್ಯಕ್ಕೆ ಬೇಡ" ಎಂದು ದೀಪ ಹಚ್ಚುವಾಗಲೆಲ್ಲ ಬೇಡಿಕೊಳ್ಳುತ್ತೇನೆ. ಮೊದಲೆರಡನ್ನು ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ಅಷ್ಟಕ್ಕೇ ನಾನು ಋಣಿ.

ನಮ್ಮದು ಸೋಮವಾರಪೇಟೆಯಿಂದ ಸ್ವಲ್ಪ ಒಳಗಿರುವ ತಾರಸಿ ಮನೆ. ಅದರ ದೇವರ ಕೋಣೆಯ ಗೋಡೆಗೆ ಮಳೆಗಾಲ ಬಂತೆಂದರೆ ಬೆವರುವ ಕಾಯಿಲೆ. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ, ಸುಬ್ರಹ್ಮಣ್ಯನ ಪಟದ ಗಾಜಿನೊಳಗೇ ಬೂಷ್ಟು ಹಿಡಿಯುತ್ತದೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ನಮ್ಮ ಯಜಮಾನರು ಈ ಬೇಸಿಗೆಯಲ್ಲಿ ಹಾರಂಗಿ ಕಡೆ ನೆಂಟರೊಬ್ಬರ ಹೋಂಸ್ಟೇಗೆ ಹೋಗಿದ್ದರು. ಅಲ್ಲಿ ಗೋಡೆಗಳಿಗೆಲ್ಲ ಮಣ್ಣಿನ ಗಿಲಾವು. ವಾಪಸು ಬಂದವರು ಚಪ್ಪಲಿ ಬಿಡುವ ಮೊದಲೇ, "ಗೋಡೆ ಉಸಿರಾಡ್ಬೇಕು ಕಣೆ. ಸಿಮೆಂಟು ಅದರ ಮೂಗು ಮುಚ್ಚಿಬಿಟ್ಟಿದೆ" ಎಂದರು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ನನ್ನ ಕೈಯೆಲ್ಲ ಕಡುಬಿನ ಹಿಟ್ಟು. ಉಸಿರಾಡಲು ನನಗೇ ಪುರಸೊತ್ತಿಲ್ಲ, ಗೋಡೆಯಾದರೂ ಉಸಿರಾಡಲಿ ಎಂದುಕೊಂಡು ಒಲೆ ಆರಿಸಿದೆ.

ನಮ್ಮ ಅತ್ತೆ ಬಿಡಲಿಲ್ಲ. "ಲೋ, ನಾನು ಮದುವೆಯಾಗಿ ಬಂದಾಗ ಮನೆ ಪೂರಾ ಮಣ್ಣಿಂದೇ. ವರ್ಷಾ ವರ್ಷ ಮೆತ್ತಿ, ಸಾರ್ಸಿ, ನನ್ನ ಸೊಂಟ ಹೋಯ್ತು. ಸಿಮೆಂಟ್ ಮನೆ ಆದ ದಿನ ದೇವ್ರಿಗೆ ಕಾಯಿ ಒಡ್ಸಿದೀನಿ. ಈಗ ಅದನ್ನ ಕಿತ್ತು ಮಣ್ಣು ಹಾಕಿದ್ರೆ ಆ ಕಾಯಿ ವಾಪಸ್ ಕೊಡ್ತಾನೇನೋ?"

"ಅವ್ವಾ, ಈಗ ದುಡ್ಡಿರೋರೇ ಇದನ್ನ ಮಾಡ್ಸೋದು."

"ಹಂಗಾದ್ರೆ ನಾವು ಆಗ್ಲೇ ಸಾವ್ಕಾರ್ರಾಗಿದ್ವು ಅನ್ನು. ಯಾರೂ ಹೇಳ್ಲೇ ಇಲ್ಲ ನೋಡು."

ಅಂತೂ ಹಳೆಯ ಸಿಮೆಂಟು ಕೆತ್ತಿ ತೆಗೆದದ್ದಾಯಿತು. ಹಿತ್ತಲಿನ ಕೆಂಪು ಮಣ್ಣನ್ನು ಜರಡಿ ಹಿಡಿದು, ಮರಳು, ಕತ್ತರಿಸಿದ ಹುಲ್ಲು, ಒಂದಿಷ್ಟು ಸಗಣಿ ಬೆರೆಸಿ, ಚೆನ್ನಾಗಿ ತುಳಿದು, ಟಾರ್ಪಲ್ ಮುಚ್ಚಿ ದೋಸೆ ಹಿಟ್ಟಿನ ಹಾಗೆ ಹುಳಿ ಬರಿಸಬೇಕಂತೆ. ಯಜಮಾನರು ನಾಲ್ಕು ಸುತ್ತು ತುಳಿದು ಮಂಡಿ ಹಿಡಿದುಕೊಂಡು ಜಗಲಿಯ ಮೇಲೆ ಕೂತರು. ಅಲ್ಲಿಂದ ಮುಂದೆ ಜ್ಞಾನ ಅವರದು, ತುಳಿತ ನನ್ನದು. ವಾರದೊಳಗೆ ವಾಸನೆ ಎದ್ದಿತು. ಪಕ್ಕದ ಮನೆಯ ಜಾನಕಿ ಬೇಲಿಯಾಚೆಯಿಂದ ಸೆರಗನ್ನು ಮೂಗಿಗೆ ಹಿಡಿದು, "ಅಕ್ಕಾ, ನಿಮ್ಮ ಹಿತ್ತಲಲ್ಲಿ ಏನೋ ಸತ್ತಂಗಿದೆ, ನೋಡಿದ್ರಾ?" ಎಂದಳು. "ಸತ್ತಿಲ್ಲ ಮಾರಾಯ್ತಿ, ನಮ್ಮ ಗೋಡೆ ಹುಟ್ತಾ ಇದೆ" ಎಂದೆ.

ಗೋಡೆ ಹುಟ್ಟುವವರೆಗೆ ದೇವರನ್ನು ಎಲ್ಲಿಡುವುದು? ನಡುಮನೆಯಲ್ಲಿ ಟೀವಿ, ಮಲಗುವ ಕೋಣೆ ಸಲ್ಲದು. ಕೊನೆಗೆ ಅಡುಗೆ ಮನೆಯಲ್ಲಿ, ಮಿಕ್ಸಿಯ ಪಕ್ಕದ ಕಟ್ಟೆಯ ಮೇಲೆ ಮಣೆ ಹಾಕಿ ಕೂರಿಸಿದೆವು. ಅತ್ತೆ ಆಗಲೇ ಕಾನೂನು ಹೊರಡಿಸಿದರು: ದೇವರು ಅಲ್ಲಿರುವಷ್ಟು ದಿನ ಆ ಒಲೆಯ ಮೇಲೆ ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯೂ ಇಲ್ಲ. ಸ್ನಾನ ಮಾಡದವರು ಹೊಸ್ತಿಲು ದಾಟುವಂತಿಲ್ಲ. "ಒಂದು ವಾರದ ಮಾತು" ಎಂದು ಯಜಮಾನರು ಒಪ್ಪಿಬಿಟ್ಟರು.

ಮೊದಲ ಕೋಟು ಬಳಿದರು, ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಗೋಡೆಯ ತುಂಬ ಹಸಿರು. ಕೊಟ್ಟಿಗೆಯಿಂದ ಹುಲ್ಲು ತಂದುಕೊಟ್ಟವಳು ನಾನೇ. ಅದರಲ್ಲಿ ಬಡಿಯದೆ ಉಳಿದ ಭತ್ತ ಮಣ್ಣಿನೊಳಗೆ ಮೊಳೆತು, ದೇವರ ಕೋಣೆ ಸಸಿಮಡಿಯಾಗಿತ್ತು. ಯಜಮಾನರು ಕೀಳಲು ಹೋದರೆ ಅತ್ತೆ ಅಡ್ಡ ನಿಂತರು.

"ದೇವ್ರ ಗೋಡೇಲಿ ಹುಟ್ಟಿರೋ ಭತ್ತ. ಕೀಳೋಕೆ ಕೈಯಾದ್ರೂ ಹೆಂಗೆ ಬರುತ್ತೆ ನಿಂಗೆ? ಅದಾಗೇ ಒಣಗ್ಲಿ ಬಿಡು."

"ಅವ್ವಾ, ಅದು ಒಣಗ್ದೆ ಎರಡನೇ ಕೋಟು ಹಾಕಕ್ಕಾಗಲ್ಲ!"

"ಹುತ್ತರಿ ಹಬ್ಬದವರೆಗೂ ಕಾಯಿ. ಹೊಸ ಕದಿರು ತೆಗಿಯಕ್ಕೆ ಗದ್ದೆಗೆ ಹೋಗೋದು ತಪ್ಪುತ್ತೆ."

ಹೀಗೆ ಆಷಾಢ ಬಂತು. ಗದ್ದೆಯ ಏಡಿ, ಒಣಮೀನು, ನಾಟಿ ಕೋಳಿ ಎಂದು ಊರೆಲ್ಲ ಘಮಘಮಿಸುವ ಕಾಲ. ನಮ್ಮ ಮನೆಯಲ್ಲಿ ಕೆಸುವಿನ ಸೊಪ್ಪು, ಎಳೆ ಬಿದಿರಿನ ಕಣಿಲೆ, ಮತ್ತೆ ಕೆಸುವಿನ ಸೊಪ್ಪು. "ಹೊರಗೆ ಒಲೆ ಹೂಡ್ಲಾ?" ಎಂದು ಯಜಮಾನರು ಸಣ್ಣ ದನಿಯಲ್ಲಿ ಕೇಳಿದರು. "ಹೂಡು. ಮಸಾಲೆ ಎಲ್ಲಿ ಅರೀತೀಯ? ಮಿಕ್ಸಿನೂ ಈಗ ದೇವ್ರ ಪಕ್ಕ ಕೂತು ಮಡಿಯಾಗಿದೆ" ಎಂದರು ಅತ್ತೆ. ಪಾಪ, ಯಜಮಾನರು ಸಂತೆಯ ದಿನ ಪೇಟೆಯ ಹೋಟೆಲಿನಲ್ಲಿ ತಿಂದು ಬಂದರೆ, ಅಂಥ ಚಳಿಯಲ್ಲಿ ಮತ್ತೆ ತಲೆಗೆ ನೀರು ಹಾಕಿಕೊಳ್ಳದೆ ಕಾಫಿ ಸಿಗುತ್ತಿರಲಿಲ್ಲ.

ನನಗೆ ಅಯ್ಯೋ ಅನಿಸಿತು. ಆದರೆ ಒಂದು ದಿನ ಬೀನ್ಸ್ ಬಿಡಿಸುತ್ತ ಕೂತವಳಿಗೆ ಹೊಳೆಯಿತು, ಅಡುಗೆ ಮನೆ ಎಷ್ಟು ನಿಶ್ಶಬ್ದವಾಗಿದೆ! ಮುಚ್ಚಳ ತೆಗೆದು ಇಣುಕುವವರಿಲ್ಲ, "ಉಪ್ಪು ನೋಡ್ಲಾ" ಎಂದು ಬೆರಳು ಅದ್ದುವವರಿಲ್ಲ. ಮೀನು ಉಜ್ಜಿ ಉಜ್ಜಿ ಕೈ ಬಿರಿಯುವುದಿಲ್ಲ, ಹಂದಿ ಮಾಂಸದ ಪಾತ್ರೆಯ ಜಿಡ್ಡಿಗೆ ಬಿಸಿನೀರು ಕಾಯಿಸುವುದಿಲ್ಲ. ಬರೀ ಸೊಪ್ಪಿನ ಸಾರಿಗೆ ಯಾವ ನೆಂಟನೂ ಮಳೆಯಲ್ಲಿ ಬರುವುದಿಲ್ಲ. ಅತ್ತೆ ಮಣೆಯ ಮೇಲೆ ಕೂತು ಜಪ ಮಾಡುತ್ತಾರೆ, ನಡುವೆ ಊರ ಸುದ್ದಿ ಹೇಳುತ್ತಾರೆ. ಒಂದೇ ಕಡ್ಡಿಯಲ್ಲಿ ಒಲೆಯೂ ದೀಪವೂ ಹತ್ತುತ್ತವೆ. ಮದುವೆಯಾದ ಮೇಲೆ ಮೊದಲ ಸಲ ನನಗೊಂದು ಕೋಣೆ ಸಿಕ್ಕಿತ್ತು, ಅದರ ಬಾಗಿಲಲ್ಲಿ ಸ್ವತಃ ದೇವರ ಕಾವಲಿತ್ತು.

ಪೈರು ತಾನಾಗಿ ಬಾಡಿತು. ಎರಡನೇ ಕೋಟು ಬಿತ್ತು. ಆಮೇಲೆ ದಿನವೂ ಯಜಮಾನರು ಗೋಡೆಗೆ ಕೆನ್ನೆ ಒತ್ತಿ ನಿಲ್ಲತೊಡಗಿದರು. ನಿನ್ನೆ ನನ್ನನ್ನು ಕೂಗಿದರು. "ನೀನು ನೋಡಿ ಹೇಳೆ. ಒಣಗಿದ್ರೆ ನಾಳೆನೇ ದೇವ್ರನ್ನ ಕೂರ್ಸೋಣ. ಭಾನುವಾರ ತಮ್ಮನ ಮನೆಯವರನ್ನೆಲ್ಲ ಕರೆಯೋಣ. ಏಡಿ ಹಿಡಿಯೋರಿಗೆ ಹೇಳಿಟ್ಟಿದೀನಿ. ಕೋಳಿ, ಕಡುಬು... ನೀನು ಜಾಸ್ತಿ ಏನೂ ಮಾಡ್ಬೇಡ, ಅಷ್ಟೇ ಸಾಕು."

ಅಂಗೈ ಇಟ್ಟು ನೋಡಿದೆ. ಸುಳ್ಳು ಹೇಳಬಾರದು, ಗೋಡೆ ಬಲು ಚೆನ್ನಾಗಿ ಬಂದಿತ್ತು. ತಣ್ಣಗೆ, ನುಣ್ಣಗೆ, ಬೆವರಿನ ಸುಳಿವೇ ಇಲ್ಲದೆ ಗರಿಗರಿಯಾಗಿ ಒಣಗಿತ್ತು.

"ಇನ್ನೂ ಸ್ವಲ್ಪ ಹಸಿ ಇದೆ ರೀ" ಎಂದೆ.

ಹಿಂದೆಯೇ ಬಂದಿದ್ದ ಅತ್ತೆಯೂ ಗೋಡೆ ಸವರಿದರು. ನನ್ನ ಮುಖ ನೋಡಿದರು. "ಹೂಂ ಕಣೋ, ಹಸಿನೇ. ಆಷಾಢ ಕಳೀಲಿ" ಎಂದು ಜಪಸರ ಹಿಡಿದು ಅಡುಗೆ ಮನೆಯತ್ತ ಹೊರಟರು.

ದೇವರ ಕೋಣೆಯಲ್ಲೇ ನಿಂತು ಸುಳ್ಳು ಹೇಳಿದೆನಲ್ಲ ಎಂದು ಕೆನ್ನೆ ತಟ್ಟಿಕೊಂಡೆ. ಆಮೇಲೆ ಸಮಾಧಾನ ಮಾಡಿಕೊಂಡೆ. ದೇವರು ಅಲ್ಲೆಲ್ಲಿದ್ದ? ಅಡುಗೆ ಮನೆಯಲ್ಲಿದ್ದ.